ಧಾತು, ಈಶ್ವರ, ಬಹುಧಾನ್ಯ: ಹೊಸೂರು ಸೀಮೆಯ ಬರ ಮತ್ತು ಅದರ ಲೆಕ್ಕ

ನನಗಿಂತ ಮುಂಚೆ ಮಾತಾಡಿದ ಗೆಳೆಯರು ಸುನಾಮಿ ಬಗ್ಗೆ, ಕಡಲ ತೀರದ ಬಗ್ಗೆ ಹೇಳಿದರು. ನಾನು ಮೂಕಂಡಪಲ್ಲಿಯವಳು. ಈಗ ಅದು ಹೊಸೂರು ನಗರದೊಳಗೇ ಸೇರಿಹೋಗಿದೆ, ಸಿಪ್ಕಾಟ್ ಕಾರ್ಖಾನೆಗಳ ಜಾಗ ಅಂದ್ರೆ ಬೆಂಗಳೂರಿನವರಿಗೆ ಬೇಗ ಗೊತ್ತಾಗುತ್ತೆ. ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದ್ದೇವೆ. ನಮ್ಮಲ್ಲಿಗೆ ಸುನಾಮಿ ಬರೋದಿಲ್ಲ. ಹಾಗಂತ ಮಹಾವಿಕೋಪ ಬಂದಿಲ್ಲ ಅಂತ ಅಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಇಡೀ ತಮಿಳುನಾಡಿನಲ್ಲಿ ಸತ್ತವರು ಸುಮಾರು 8 ಸಾವಿರ ಜನ. ಆಗ ನಮ್ಮ ತಾಲೂಕು ಸೇರಿಕೊಂಡಿದ್ದ ಹಳೆಯ ಸೇಲಂ ಜಿಲ್ಲೆಯಲ್ಲಿ 1871ರ ಜನಗಣತಿಯಲ್ಲಿ ಇದ್ದದ್ದು 19,66,995 ಜನ, 1881ರಲ್ಲಿ ಉಳಿದದ್ದು 15,99,595. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಸಂಖ್ಯೆ 3 ಲಕ್ಷ 67 ಸಾವಿರದಷ್ಟು ಕುಸಿದಿದೆ. ಈ ಎರಡು ಗಣತಿಗಳ ನಡುವೆ ನಡೆದದ್ದು 1876–78ರ ಬರ. ಇವತ್ತು ನಾನು ಮಾತಾಡೋದು ಅದರ ಬಗ್ಗೆ.

ಸಾಹಿತ್ಯದ ವಿದ್ಯಾರ್ಥಿನಿ ಆಗಿರೋದರಿಂದ ಹೆಸರಿನಿಂದಲೇ ಶುರು ಮಾಡ್ತೀನಿ. ಇಂಗ್ಲಿಷ್ ಪುಸ್ತಕಗಳಲ್ಲಿ ಇದು 'ಗ್ರೇಟ್ ಫ್ಯಾಮಿನ್', ಅಥವಾ 'ಮದ್ರಾಸ್ ಫ್ಯಾಮಿನ್'. ಕನ್ನಡದಲ್ಲಿ 'ಧಾತು ಈಶ್ವರದ ಬರ'. (ವ್ಯಾಕರಣದ ಧಾತು ಅಲ್ಲ, ಸಂವತ್ಸರದ ಹೆಸರು. ನಮ್ಮ ತರಗತಿಯಲ್ಲಿ ಈ ಗೊಂದಲ ಆಗಿದ್ದುಂಟು.) ಧಾತು ಸಂವತ್ಸರ 1876ರ ಯುಗಾದಿಗೆ ಶುರುವಾಯಿತು, 1877ರ ಯುಗಾದಿಗೆ ಈಶ್ವರ ಬಂತು. ತಮಿಳಿನಲ್ಲಿ ಇದೇ ಬರಕ್ಕೆ 'ತಾದು ವರುಷಪ್ ಪಂಜಂ' ಅಂತಾರೆ, ತೆಲುಗಿನಲ್ಲಿ 'ಧಾತ ಕರುವು'. ಹೊಸೂರಿನಲ್ಲಿ ಮೂರೂ ಭಾಷೆ ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ನಮ್ಮೂರಿನ ಹೆಸರೇ 'ಪಲ್ಲಿ' ಅಂತ ಮುಗಿಯುತ್ತೆ, ನಾಲ್ಕು ಮೈಲಿ ಆಚೆಗೆ ಅದೇ 'ಹಳ್ಳಿ' ಆಗಿರುತ್ತೆ. ಪಕಾರ ಹಕಾರ ಆಗುವ ಗೆರೆಯ ಮೇಲೆ ಕೂತಿರುವ ಜನ ನಾವು. ಬೇರೆ ಎಷ್ಟೋ ವಿಷಯಗಳಲ್ಲಿ ಜಗಳ ಆಡುವ ಈ ಮೂರು ಭಾಷೆಗಳು ಆ ಬರವನ್ನು ಮಾತ್ರ ಒಂದೇ ಹೆಸರಿನಿಂದ ಕರೆಯುತ್ತವೆ. ಈ ಹೆಸರಿಗೆ ಗಡಿ ಇಲ್ಲ. ಆದರೆ ಸತ್ತವರ ಲೆಕ್ಕಕ್ಕೆ ಗಡಿ ಇತ್ತು. ನನ್ನ ವಾದ ಇರೋದು ಇಲ್ಲೇ.

ಹೊಸೂರು ಪ್ರಾಂತ ಭೂಗೋಳದಲ್ಲಿ ಮೈಸೂರು ಪ್ರಸ್ಥಭೂಮಿಯ ಒಂದು ಅಂಚು. ಆನೇಕಲ್, ಮಾಲೂರು ಕಡೆಯ ಕೆಂಪು ಮಣ್ಣು, ಕೆರೆ, ರಾಗಿ ಹೊಲ, ಹುಣಸೆ ತೋಪು, ಎಲ್ಲ ಹಾಗೆಯೇ ಮುಂದುವರಿದು ಹೊಸೂರಿಗೆ ಬರುತ್ತವೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಇದು ಕಂಪನಿಯ ಕೈಗೆ ಹೋಗಿ, ಮದ್ರಾಸ್ ಪ್ರೆಸಿಡೆನ್ಸಿಯ ಸೇಲಂ ಜಿಲ್ಲೆಗೆ ಸೇರಿತು. ಘಟ್ಟದ ಕೆಳಗಿನದು ತಲಘಾಟ್, ನಡುವಿನದು ಬಾರಾಮಹಲ್, ಘಟ್ಟದ ಮೇಲಿನದು ಬಾಲಘಾಟ್, ಹೀಗೆ ಸೇಲಂ ಜಿಲ್ಲೆಯನ್ನು ಮೂರು ಭಾಗವಾಗಿ ನೋಡುತ್ತಿದ್ದರು. ಬಾಲಘಾಟ್ ಅಂದ್ರೆ ಹೊಸೂರು. ಆಚೆ ಮೈಸೂರು ಸಂಸ್ಥಾನದಲ್ಲೂ 1831ರಿಂದ ಆಳುತ್ತಿದ್ದವರು ಬ್ರಿಟಿಷ್ ಕಮಿಷನರುಗಳೇ. ಅಂದರೆ ಗೆರೆಯ ಎರಡೂ ಕಡೆ ಅದೇ ದೊರೆಗಳು, ಆದರೆ ಖಜಾನೆ ಬೇರೆ, ಕಡತ ಬೇರೆ.

ಈಗ ಮಳೆಗೆ ಬರೋಣ. ಮೈಸೂರು ಸೀಮೆಯಲ್ಲಿ 1875ರ ಮಳೆಯೇ ಅಷ್ಟಕ್ಕಷ್ಟೆ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರು ಬರಲೇ ಇಲ್ಲ. 1877ರ ಮುಂಗಾರೂ ಸೆಪ್ಟೆಂಬರ್ ತನಕ ಕಾಯಿಸಿತು. ಶಾಂತಸಾಗರದ ನೀರು ಬಿಸಿಯಾಗುವ ಎಲ್ ನಿನೋ ವಿದ್ಯಮಾನ ಆ ವರ್ಷಗಳಲ್ಲಿ ಬಹಳ ಜೋರಾಗಿತ್ತು ಅಂತ ಹವಾಮಾನ ವಿಜ್ಞಾನಿಗಳು ಹೇಳ್ತಾರೆ. ಅದೇ ಹೊತ್ತಿನಲ್ಲಿ ಉತ್ತರ ಚೀನಾದಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಕೂಡ ಜನ ಹಸಿವಿನಿಂದ ಸಾಯುತ್ತಿದ್ದರು. ಮೈಕ್ ಡೇವಿಸ್ 2001ರಲ್ಲಿ ಬರೆದ 'ಲೇಟ್ ವಿಕ್ಟೋರಿಯನ್ ಹೋಲೋಕಾಸ್ಟ್ಸ್' ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುತ್ತೆ. ಓದದವರು ಓದಲೇಬೇಕಾದ ಪುಸ್ತಕ. ಆದರೆ ಅದರಲ್ಲಿ ಬರುವ ದಕ್ಷಿಣ ಭಾರತ ಹೆಚ್ಚಾಗಿ ವರದಿಗಳ ಇಂಗ್ಲಿಷಿನಲ್ಲೇ ಮಾತಾಡುತ್ತೆ ಅನ್ನೋದು ನನ್ನ ತಕರಾರು.

ಮಳೆ ಒಂದು ವರ್ಷ ಹೋದರೆ ಈ ಸೀಮೆಯ ಜನ ಸಾಯುತ್ತಿರಲಿಲ್ಲ. ಅದಕ್ಕೆ ಕಾರಣ ಹಗೇವು. ಇಲ್ಲಿ ಕೂತಿರುವ ಕಿರಿಯರಿಗೆ ಹಗೇವು ನೋಡಿ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ನೀರು ನಿಲ್ಲದ ಗಟ್ಟಿ ನೆಲದಲ್ಲಿ, ಮನೆ ಮುಂದೆಯೋ ಕಣದ ಪಕ್ಕವೋ, ಬಾಯಿ ಕಿರಿದು ಹೊಟ್ಟೆ ಅಗಲ ಇರೋ ಹಾಗೆ ಗುಂಡಿ ತೋಡುತ್ತಿದ್ದರು. ಒಳಗೆ ಸುತ್ತಲೂ ಹುಲ್ಲು ಕೊಟ್ಟು, ಒಣಗಿದ ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಇಟ್ಟು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ರಾಗಿ ಕೆಡೋದಿಲ್ಲ. ಭತ್ತ ಆಗಿದ್ದರೆ ಹುಳ ಬೀಳ್ತಿತ್ತು. ರಾಗಿಯ ಗುಣವೇ ಅದು, ಸಣ್ಣ ಕಾಳು, ಗಟ್ಟಿ ಸಿಪ್ಪೆ. ತೆಗೆಯೋವಾಗ ಕೂಡಲೇ ಇಳಿಯೋ ಹಾಗಿಲ್ಲ, ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ಆರುತ್ತಾ ಅಂತ ನೋಡಿ, ಆಮೇಲೆ ಮನುಷ್ಯ ಇಳಿಯಬೇಕು. ಒಂದು ಊರಿನ ಹಗೇವುಗಳಲ್ಲಿ ಎಷ್ಟು ರಾಗಿ ಇದೆ ಅನ್ನೋದು ಆ ಊರಿಗೆ ಎಷ್ಟು ವರ್ಷ ಆಯಸ್ಸಿದೆ ಅನ್ನೋದರ ಲೆಕ್ಕ. ಕಂದಾಯದವನ ಕಣ್ಣಿಗೂ ಕಳ್ಳನ ಕಣ್ಣಿಗೂ ಸುಲಭಕ್ಕೆ ಬೀಳದ ಲೆಕ್ಕ.

ಆದರೆ ಹಗೇವು ಇದ್ದದ್ದು ಯಾರಿಗೆ? ಹೊಲ ಇದ್ದವರಿಗೆ. ಕೂಲಿಯವರಿಗೆ, ಜೀತದಾಳುಗಳಿಗೆ, ನೇಯ್ಗೆಯವರಿಗೆ ಹಗೇವು ಇರಲಿಲ್ಲ. ಮಳೆ ಹೋದರೆ ಅವರಿಗೆ ಮೊದಲು ಹೋಗೋದು ಕೂಲಿ. ರೈತನ ಮನೆಯ ರಾಗಿ ಖಾಲಿಯಾಗುವ ಮುಂಚೆಯೇ ಅವರು ರಸ್ತೆಗೆ ಬಂದಿರುತ್ತಾರೆ. ಅಮರ್ತ್ಯ ಸೇನ್ 1981ರಲ್ಲಿ ಬರಗಳ ಬಗ್ಗೆ ಹೇಳಿದ್ದು ಇದನ್ನೇ: ಊರಲ್ಲಿ ಧಾನ್ಯ ಇದೆಯಾ ಅನ್ನೋದು ಒಂದು ಪ್ರಶ್ನೆ, ಅದನ್ನು ಪಡೆಯುವ ದಾರಿ ನಿನಗೆ ಇದೆಯಾ ಅನ್ನೋದು ಬೇರೆ ಪ್ರಶ್ನೆ.

ಇನ್ನು ರೈಲು. ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದದ್ದು 1864ರಲ್ಲಿ. ಕುಪ್ಪಂ, ಮಾಲೂರು ಮೇಲೆ ಹಾದುಹೋಗುವ ಆ ಹಳಿ ಹೊಸೂರು ತಾಲೂಕಿನ ಉತ್ತರಕ್ಕೆ ಉಳಿಯುತ್ತೆ. ರೈಲು ಇದ್ದದ್ದರಿಂದಲೇ ಇನ್ನೂ ಹೆಚ್ಚು ಜನ ಸಾಯಲಿಲ್ಲ ಅಂತ ಸರ್ಕಾರದ ವರದಿಗಳು ಹೇಳಿದವು. ಅದರಲ್ಲಿ ಸ್ವಲ್ಪ ನಿಜ ಇದೆ. ಕಡಲ ಮೇಲೆ ಮದ್ರಾಸಿಗೆ ಬಂದ ಅಕ್ಕಿ ರೈಲಿನಲ್ಲಿ ಬೆಂಗಳೂರಿನ ತನಕ ಬಂತು. ಅಲ್ಲಿಂದಾಚೆಗೆ? ಎತ್ತಿನ ಗಾಡಿ ಬೇಕು. ಮೇವಿಲ್ಲದೆ ಎತ್ತುಗಳು ಸತ್ತಿದ್ದವು. ನಿಲ್ದಾಣದಿಂದ ಇಪ್ಪತ್ತು ಮೂವತ್ತು ಮೈಲಿ ದೂರದ ಹಳ್ಳಿಗೆ ಧಾನ್ಯ ಹೋಗೋದಕ್ಕೆ ಗಾಡಿ ಇಲ್ಲ, ಹೋದರೂ ಕೊಳ್ಳೋದಕ್ಕೆ ಕಾಸಿಲ್ಲ. ರೈಲು ಧಾನ್ಯವನ್ನು ಒಯ್ಯೋದು ಹಸಿವು ಇರುವ ಕಡೆಗಲ್ಲ, ಬೆಲೆ ಇರುವ ಕಡೆಗೆ. ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹೋಗುತ್ತಲೇ ಇತ್ತು.

ಮದ್ರಾಸ್ ಸರ್ಕಾರ 1876ರ ಕೊನೆಯಲ್ಲಿ ಸದ್ದಿಲ್ಲದೆ ಧಾನ್ಯ ಕೊಂಡು ಇಟ್ಟುಕೊಳ್ಳೋದಕ್ಕೆ ಹೊರಟಿತ್ತು. ಆಗಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್. ವೈಸರಾಯ್ ಲಿಟ್ಟನ್ ಸರ್ಕಾರಕ್ಕೆ ಇದು ವ್ಯಾಪಾರದಲ್ಲಿ ಕೈ ಹಾಕಿದ ಹಾಗೆ ಕಂಡಿತು, ಆಕ್ಷೇಪ ಬಂತು. 1877ರ ಜನವರಿ 1ಕ್ಕೆ ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ಬರದ ಖರ್ಚು ಇಳಿಸೋದಕ್ಕೆ ದಕ್ಷಿಣಕ್ಕೆ ಕಳಿಸಿದರು. ಈತ 1874ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದವನು, ಖರ್ಚು ಜಾಸ್ತಿ ಮಾಡಿದ ಅಂತ ಬೈಸಿಕೊಂಡವನು. ಮತ್ತೆ ಬೈಸಿಕೊಳ್ಳಬಾರದು ಅಂತ ನಿರ್ಧಾರ ಮಾಡಿಯೇ ಬಂದ ಹಾಗಿದೆ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಸ್ವಲ್ಪ ಕಾಸು, ಇಷ್ಟೇ ಕೂಲಿ ಅಂತ ಗೊತ್ತು ಮಾಡಿದ. ಒಂದು ಪೌಂಡ್ ಅಂದ್ರೆ ಸುಮಾರು 450 ಗ್ರಾಂ. ಇಡೀ ದಿನ ಕಲ್ಲು ಒಡೆದವನಿಗೆ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಬಹಿರಂಗವಾಗಿ ವಿರೋಧಿಸಿದರು. ಜೈಲಿನ ಕೈದಿಗಳ ಊಟಕ್ಕೆ ಇದನ್ನು ಹೋಲಿಸಿ ತೋರಿಸಿದರು. ಇಬ್ಬರ ನಡುವೆ ಕಾಗದಗಳ ಯುದ್ಧವೇ ನಡೆಯಿತು, ಕೆಲವು ತಿಂಗಳ ಮೇಲೆ ಕೂಲಿ ಏರಿತು. ಆ ತಿಂಗಳುಗಳಲ್ಲಿ ಸತ್ತವರು ಸತ್ತಾಗಿತ್ತು.

ಕೊನೆಗೆ 1877ರ ಸೆಪ್ಟೆಂಬರ್‌ನಲ್ಲಿ ಮಳೆ ಬಂತು. ಕಥೆ ಆಗಿದ್ದರೆ ಇಲ್ಲಿ ಮುಗಿಯುತ್ತಿತ್ತು. ಮಳೆ ಬಂದ ಮೇಲೆ ಜ್ವರ ಬಂತು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿದ್ದ ಮೈಗೆ ಮಲೇರಿಯಾ ತಡೆಯುವ ಶಕ್ತಿ ಇರಲಿಲ್ಲ. ಹೊಲ ಹಸಿರಾದ ಮೇಲೂ ಸಾವು ನಿಲ್ಲಲಿಲ್ಲ.

ಸ್ಲೈಡಿನಲ್ಲಿ ಈ ಹೊತ್ತಿಗೆ ಒಂದು ಚಿತ್ರ ಬರಬೇಕಿತ್ತು ಅಂತ ನೀವು ಅಂದುಕೊಂಡಿರಬಹುದು. ಬರದ ಬಗ್ಗೆ ಯಾರು ಮಾತಾಡಿದರೂ ಹೂಪರ್ ಎಂಬ ಸೇನಾಧಿಕಾರಿ ತೆಗೆದ ಛಾಯಾಚಿತ್ರಗಳನ್ನು ಹಾಕ್ತಾರೆ, ಎಲುಬಿನ ಗೂಡುಗಳಾಗಿ ಕೂತಿರುವ ಜನ. ನಾನು ಬೇಕಂತಲೇ ಹಾಕಿಲ್ಲ. ಆ ಚಿತ್ರಗಳಲ್ಲಿ ಇರುವವರಿಗೆ ಹೆಸರಿಲ್ಲ, ಊರಿಲ್ಲ, ಅವರು ಯಾವ ಭಾಷೆಯಲ್ಲಿ ಅನ್ನ ಕೇಳಿದರು ಅಂತಲೂ ಗೊತ್ತಾಗಲ್ಲ.

ಈಗ ಲೆಕ್ಕದ ಗಡಿಗೆ ಬರ್ತೀನಿ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412, 1881ರಲ್ಲಿ 41,86,188. ಇಳಿಕೆ 8 ಲಕ್ಷ 69 ಸಾವಿರ, ನೂರಕ್ಕೆ 17. ಸೇಲಂ ಜಿಲ್ಲೆಯ ಇಳಿಕೆಯನ್ನು ಆಗಲೇ ಹೇಳಿದೆ, ಶೇಕಡಾವಾರು ನೋಡಿದರೆ ಅದು ನೂರಕ್ಕೆ 18ರ ಮೇಲೆ, ಮೈಸೂರಿಗಿಂತ ಹೆಚ್ಚು. ಇದೆಲ್ಲ ಸಾವೇ ಅಂತ ನಾನು ಹೇಳ್ತಿಲ್ಲ. ಊರು ಬಿಟ್ಟವರು ಇದ್ದಾರೆ, ಹುಟ್ಟದೇ ಹೋದ ಮಕ್ಕಳಿದ್ದಾರೆ. ಆದರೂ ಗಣತಿಯ ಎರಡು ಸಾಲುಗಳ ಮಧ್ಯೆ ಐದಾರು ಜನಕ್ಕೆ ಒಬ್ಬರಂತೆ ಇಲ್ಲವಾಗಿದ್ದಾರೆ ಅನ್ನೋದು ಸಣ್ಣ ವಿಷಯ ಅಲ್ಲ.

ಮೈಸೂರಿನ ಬರಕ್ಕೆ ಸಿ.ಎ. ಎಲಿಯಟ್ ಬರೆದ ಪ್ರತ್ಯೇಕ ವರದಿ ಇದೆ. ಮದ್ರಾಸಿನ ಪತ್ರಿಕೆಯ ಸಂಪಾದಕ ವಿಲಿಯಂ ಡಿಗ್ಬಿ 1878ರಲ್ಲೇ ಎರಡು ಸಂಪುಟದ ಚರಿತ್ರೆ ಬರೆದ. ಸೇಲಂ ಜಿಲ್ಲೆಗೆ ಲೆಫಾನು ಬರೆದ ಮ್ಯಾನುಯಲ್ 1883ರಲ್ಲಿ ಬಂತು. ಕರ್ನಾಟಕದ ಇತಿಹಾಸ ಬರೆಯುವವರು ಎಲಿಯಟ್ ವರದಿ ತೆಗೆದುಕೊಳ್ತಾರೆ, ಅದರಲ್ಲಿ ಹೊಸೂರು ಹೊರಗೆ. ತಮಿಳುನಾಡಿನ ಇತಿಹಾಸ ಬರೆಯುವವರು ಮದ್ರಾಸ್ ಕಡತ ತೆಗೆದುಕೊಳ್ತಾರೆ, ಅದರಲ್ಲಿ ಹೊಸೂರು ಘಟ್ಟದ ಮೇಲಿನ ಒಂದು ಮೂಲೆ. ಹೊಸೂರಿನಿಂದ ಬೆಂಗಳೂರು 40 ಕಿಲೋಮೀಟರ್, ಸೇಲಂ ನೂರೈವತ್ತಕ್ಕೂ ಮೇಲೆ. ಹಸಿದವನ ಕಾಲು ಯಾವ ಕಡೆ ನಡೆಯುತ್ತೆ ಅಂತ ಹೇಳೋದಕ್ಕೆ ಕಡತ ಬೇಕಾಗಿಲ್ಲ. ಬಾಲಘಾಟಿನ ಒಬ್ಬ ಹೆಂಗಸು ಮಗು ಎತ್ತಿಕೊಂಡು ಆನೇಕಲ್ ದಾಟಿ ಬೆಂಗಳೂರಿನ ಗಂಜಿಮನೆಯ ಮುಂದೆ ಬಿದ್ದಳು ಅಂತಿಟ್ಟುಕೊಳ್ಳಿ. ಸೇಲಂ ಪಾಲಿಗೆ ಅವಳು ಊರು ಬಿಟ್ಟವಳು, ಮೈಸೂರಿನ ಪಾಲಿಗೆ ಹೊರಗಿನವಳು.

ಕನ್ನಡ ಸಾಹಿತ್ಯ ಚರಿತ್ರೆಯವರಾದ ನಾವೂ ಇದರಲ್ಲಿ ಪಾಲುದಾರರೇ. ನಮಗೆ 1881 ಅಂದರೆ ಏನು? ಮಾರ್ಚ್ 25ಕ್ಕೆ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ವಾಪಸ್ಸು, ರಂಗಾಚಾರ್ಲು ದಿವಾನಗಿರಿ, ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ, ಬಸವಪ್ಪ ಶಾಸ್ತ್ರಿಗಳು, ನಾಟಕ, ಅರಮನೆ, ಹೊಸಗನ್ನಡದ ಅರುಣೋದಯ. ಅರುಣೋದಯ ಅಂತ ಪಾಠ ಮಾಡುವ ಅದೇ ವರ್ಷದ ಗಣತಿ ಆರರಲ್ಲಿ ಒಬ್ಬರು ಇಲ್ಲ ಅಂತ ಹೇಳುತ್ತಿದೆ. ರಾಜ್ಯ ವಾಪಸ್ಸು ಬಂದಾಗ ಅದರ ಜೊತೆ ಬಂದದ್ದು ಬರಕ್ಕಾಗಿ ಮಾಡಿದ 80 ಲಕ್ಷ ರೂಪಾಯಿ ಸಾಲ. ಈ ಕಾಲದ ಸಾಹಿತ್ಯವನ್ನು ಓದುವಾಗ ಕೇಳಿಸಿಕೊಳ್ಳುವವರಲ್ಲಿ ಎಷ್ಟು ಜನ ಉಳಿದಿದ್ದರು ಅನ್ನೋ ಪ್ರಶ್ನೆ ನಮ್ಮ ಪಠ್ಯಕ್ರಮದಲ್ಲಿ ಇಲ್ಲ. ತಮಿಳಿನವರ ಹತ್ತಿರ ವಿಲ್ಲಿಯಪ್ಪ ಪಿಳ್ಳೆ ಬರೆದ ಒಂದು ವಿಡಂಬನ ಕಾವ್ಯವಾದರೂ ಇದೆ. ಅದರಲ್ಲಿ ಮಧುರೆಯ ದೇವರೇ ಬರದಿಂದ ಕಂಗೆಟ್ಟವರ ಪರವಾಗಿ ಶಿವಗಂಗೆಯ ಜಮೀನ್ದಾರನಿಗೆ ಪತ್ರ ಬರೆಯುತ್ತಾನೆ. ದೇವರು ಜಮೀನ್ದಾರನಿಗೆ ಅರ್ಜಿ ಹಾಕುವ ಸ್ಥಿತಿ!

ಹಾಗಾದರೆ ಕನ್ನಡ ಏನನ್ನೂ ನೆನಪಿಟ್ಟುಕೊಂಡಿಲ್ಲವಾ? ಕಾವ್ಯದಲ್ಲಿ ಹುಡುಕುವುದನ್ನು ಬಿಟ್ಟು ಮಾತಿನಲ್ಲಿ ಹುಡುಕಿದರೆ ಸಿಗುತ್ತೆ. ಮಗು ಅವಸರದಲ್ಲಿ ತಿಂದರೆ 'ಏನೋ ಬರಗೆಟ್ಟೋರ ಹಾಗೆ ತಿಂತೀಯ' ಅಂತ ನಮ್ಮಲ್ಲಿ ಈಗಲೂ ಗದರಿಸುತ್ತಾರೆ. ಬೈಗುಳದೊಳಗೆ ಒಂದು ಇಡೀ ಬರ ಕೂತಿದೆ, ತಿನ್ನುವವನ ಬಗ್ಗೆ ಕನಿಕರ ಇಲ್ಲ, ಅವಮಾನ ಇದೆ. 'ಬರಗಾಲದಲ್ಲಿ ಅಧಿಕ ಮಾಸ' ಗಾದೆಯನ್ನು ನಾವು ನಗುತ್ತಾ ಬಳಸುತ್ತೇವೆ, ಆದರೆ ಅದು ತಿಂಗಳು ಎಣಿಸುತ್ತಾ ಬದುಕಿದವರ ಲೆಕ್ಕ. ಇನ್ನೂ ವಿಚಿತ್ರವಾದದ್ದು 'ಗಂಜಿಕೇಂದ್ರ'. 2009ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ, 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಮತ್ತೆ ನೆರೆ ಬಂದಾಗ, ಪತ್ರಿಕೆಗಳು ಸಂತ್ರಸ್ತರ ಶಿಬಿರಕ್ಕೆ ಗಂಜಿಕೇಂದ್ರ ಅಂತಲೇ ಬರೆದವು. ಅಲ್ಲಿ ಕೊಟ್ಟದ್ದು ಅನ್ನ ಸಾರು, ಉಪ್ಪಿಟ್ಟು. ನೀರಿನಲ್ಲಿ ಮುಳುಗಿದವರಿಗೂ ನಾವು ಬರದ ಶಬ್ದವನ್ನೇ ಕೊಟ್ಟಿದ್ದೇವೆ. ಸುನಾಮಿ ಅನ್ನುವ ಜಪಾನೀ ಪದ ಒಂದೇ ವಾರದಲ್ಲಿ ಕನ್ನಡಕ್ಕೆ ಬಂತು, ಚುನಾವಣೆಯ ಸುದ್ದಿಗೂ ಬಳಕೆಯಾಯಿತು. ಆದರೆ ವಿಕೋಪ ಆದ ಮೇಲೆ ಜನ ಎಲ್ಲಿ ಹೋಗಿ ಕೂರುತ್ತಾರೆ ಅನ್ನೋದಕ್ಕೆ ನಮಗೆ ಸಿಕ್ಕಿದ್ದು ಗಂಜಿಯ ನೆನಪು.

ಇಲ್ಲಿ ಹಳೆಯ ಒಂದು ಪಟ್ಟಿಯನ್ನು ಮುಂದಿಡಬೇಕು. ಹಳಗನ್ನಡ ಕಾವ್ಯಗಳನ್ನು ಓದುವಾಗ 'ಈತಿಬಾಧೆ' ಅನ್ನುವ ಮಾತು ಸಿಗುತ್ತಲ್ಲ, ಒಳ್ಳೆಯ ರಾಜನ ನಾಡಿನಲ್ಲಿ ಈತಿಬಾಧೆ ಇರಲಿಲ್ಲ ಅಂತ ವರ್ಣನೆ ಬರುತ್ತೆ. ಪರೀಕ್ಷೆಗೆ ಅದನ್ನು 'ಪ್ರಕೃತಿ ವಿಕೋಪ' ಅಂತ ಅರ್ಥ ಬರೆದು ಮುಂದೆ ಹೋಗ್ತೀವಿ. ಸಂಪ್ರದಾಯದಲ್ಲಿ ಈತಿಗಳು ಆರು: ಅತಿವೃಷ್ಟಿ, ಅನಾವೃಷ್ಟಿ, ಇಲಿ, ಮಿಡತೆ, ಗಿಳಿ, ಮತ್ತು ತೀರಾ ಹತ್ತಿರಕ್ಕೆ ಬಂದು ಕೂತ ರಾಜರು. ಆರನೆಯದನ್ನು ಗಮನಿಸಿ. ಬೆಳೆ ತಿನ್ನುವ ಇಲಿ, ಗಿಳಿಗಳ ಸಾಲಿನಲ್ಲೇ ಅರಸರನ್ನೂ ಕೂರಿಸಿದ್ದಾರೆ. ಮಳೆ ಮಾಡುವ ಹಾನಿ ಬೇರೆ, ಆಳುವವರು ಮಾಡುವ ಹಾನಿ ಬೇರೆ ಅಂತ ಆ ಪಟ್ಟಿ ಮಾಡಿದವನಿಗೆ ಅನ್ನಿಸಿಲ್ಲ. ರೈತನಿಗೆ ಎರಡೂ ಹೊಲಕ್ಕೇ ಬಂದು ಬೀಳುತ್ತವೆ. 'ಪ್ರಕೃತಿ ವಿಕೋಪ' ಅನ್ನುವ ನಮ್ಮ ಇವತ್ತಿನ ಶಬ್ದ ಆರನೆಯದನ್ನು ಪಟ್ಟಿಯಿಂದ ಮೆಲ್ಲಗೆ ಹೊರಗೆ ಹಾಕಿಬಿಟ್ಟಿದೆ. 1877ರ ಬರದಲ್ಲಿ ಅನಾವೃಷ್ಟಿ ಇತ್ತು, ಒಂದು ಪೌಂಡಿನ ಕೂಲಿಯೂ ಇತ್ತು. ಅದನ್ನು ಈತಿ ಅಂತ ಕರೆದರೆ ಎರಡಕ್ಕೂ ಜಾಗ ಇದೆ.

ಜನಪದರಿಗೂ ಇದು ಗೊತ್ತಿತ್ತು. 'ಕೆರೆಗೆ ಹಾರ' ಕಥನಗೀತೆಯಲ್ಲಿ ಕೆರೆಗೆ ನೀರು ಬರಲಿಲ್ಲ ಅನ್ನೋದು ಪ್ರಕೃತಿಯ ಸಂಗತಿ. ಅದಕ್ಕೆ ಕಿರಿಸೊಸೆ ಭಾಗೀರಥಿಯೇ ಆಗಬೇಕು ಅನ್ನೋದು ಗೌಡರ ಮನೆಯ ತೀರ್ಮಾನ. ನಾವು ತ್ಯಾಗದ ಹಾಡು ಅಂತ ಪಾಠ ಮಾಡ್ತೀವಿ. ನೀರಿನ ಬೆಲೆಯನ್ನು ಯಾರ ಮೇಲೆ ಹೊರಿಸಿದರು ಅನ್ನೋ ಹಾಡಾಗಿಯೂ ಅದನ್ನು ಓದಬಹುದು.

ಈ ಗೋಷ್ಠಿಯ ಮುಖ್ಯ ವಿಷಯವಾದ ಸುನಾಮಿಗೂ ನಮ್ಮ ಬರಕ್ಕೂ ಒಂದು ನೇರವಾದ ಕೊಂಡಿ ಇದೆ, ಅದನ್ನು ಓದಿದಾಗ ನನಗೇ ಆಶ್ಚರ್ಯ ಆಯಿತು. ಕೋರಮಂಡಲ ಕರಾವಳಿಗೆ ಸಮಾನಾಂತರವಾಗಿ ಒಂದು ಉಪ್ಪುನೀರಿನ ಕಾಲುವೆ ಇದೆ. 19ನೆಯ ಶತಮಾನದ ಆರಂಭದಿಂದ ತುಂಡುತುಂಡಾಗಿ ತೋಡಿದ್ದು. ಮದ್ರಾಸಿನಲ್ಲಿ ಕೂವಂ ಮತ್ತು ಅಡ್ಯಾರ್ ನದಿಗಳನ್ನು ಜೋಡಿಸುವ ಸುಮಾರು 8 ಕಿಲೋಮೀಟರ್ ಭಾಗವನ್ನು 1877–78ರಲ್ಲಿ ಬರದ ಕೂಲಿಗಳ ಕೈಯಲ್ಲಿ ತೋಡಿಸಿದರು. ಆಮೇಲೆ ಗವರ್ನರ್ ಹೆಸರೇ ಕಾಲುವೆಗೆ ಬಂತು: ಬಕಿಂಗ್‌ಹ್ಯಾಮ್ ಕಾಲುವೆ. 2004ರಲ್ಲಿ ಸುನಾಮಿ ಬಂದಾಗ ಪೆದಗಂಜಾಂನಿಂದ ಚೆನ್ನೈವರೆಗಿನ ಕರಾವಳಿಯಲ್ಲಿ ಈ ಕಾಲುವೆ ಅಲೆಯ ನೀರನ್ನು ಹಿಡಿದುಕೊಂಡು ಒಳನಾಡಿಗೆ ನುಗ್ಗದ ಹಾಗೆ ತಡೆಯಿತು ಅಂತ 2005ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಒಂದು ಬರಹ ಬಂತು. ಹಸಿದವರು ತೋಡಿದ ಗುಂಡಿ 127 ವರ್ಷದ ಮೇಲೆ ಬೇರೆ ಯಾರನ್ನೋ ಉಳಿಸಿತು. ಇದನ್ನು ಕೇಳಿ ಸಮಾಧಾನ ಪಟ್ಟುಕೊಳ್ಳಬೇಕು ಅಂತ ನಾನು ಹೇಳ್ತಿಲ್ಲ. ಅದಕ್ಕೆ ಇರುವ ಹೆಸರು ಯಾರದ್ದು ಅಂತ ನೋಡಿ ಅಂತ ಅಷ್ಟೇ.

ಸುನಾಮಿಯಲ್ಲೂ ಮನುಷ್ಯರ ಭಾಗ ಇತ್ತು. ಸುಮಾತ್ರಾ ಬಳಿ ಭೂಮಿ ನಡುಗಿದ್ದು ನಮ್ಮ ಗಡಿಯಾರದಲ್ಲಿ ಬೆಳಗ್ಗೆ ಆರೂವರೆ ಹೊತ್ತಿಗೆ. ಅಲೆ ತಮಿಳುನಾಡಿನ ತೀರ ಮುಟ್ಟಿದ್ದು ಸುಮಾರು ಎರಡು ಗಂಟೆ ಆದಮೇಲೆ. ಆ ಎರಡು ಗಂಟೆಯಲ್ಲಿ ಸುದ್ದಿ ನಾಗಪಟ್ಟಣದ ಮೀನುಗಾರರಿಗೆ ಮುಟ್ಟಲಿಲ್ಲ. ಹೈದರಾಬಾದಿನಲ್ಲಿ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಬರ ಕೊಟ್ಟ ಸಮಯ ಎರಡು ಗಂಟೆಯಲ್ಲ, ಒಂದೂವರೆ ವರ್ಷ. ಟೆಲಿಗ್ರಾಫ್ ಇತ್ತು, ರೈಲಿತ್ತು, ವರದಿ ಬರೆಯುವ ಕೈಗಳಿದ್ದವು. 1880ರಲ್ಲಿ ಫ್ಯಾಮಿನ್ ಕಮಿಷನ್ ವರದಿ ಬಂತು, 1883ರಲ್ಲಿ ಫ್ಯಾಮಿನ್ ಕೋಡ್. ಎರಡೂ ಸಲ ನಿಯಮ ಬಂದದ್ದು ಹೆಣ ಎಣಿಸಿದ ಮೇಲೆ. ಸುನಾಮಿಯ ನಂತರ 2005ರಲ್ಲಿ ಬಂದ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಒಂದು ಒಳ್ಳೆಯ ಅಂಶ ಇದೆ: ಅದು ವಿಪತ್ತಿನ ವ್ಯಾಖ್ಯೆಯಲ್ಲಿ ನೈಸರ್ಗಿಕ ಕಾರಣಗಳ ಜೊತೆಗೆ ಮಾನವನಿರ್ಮಿತ ಕಾರಣ, ನಿರ್ಲಕ್ಷ್ಯ ಎರಡನ್ನೂ ಸೇರಿಸಿದೆ. ಆರನೆಯ ಈತಿ ಕಾನೂನಿನ ಬಾಗಿಲಿನಿಂದ ವಾಪಸ್ಸು ಬಂದಿದೆ ಅನ್ನಬಹುದು. ಯು.ಆರ್. ಅನಂತಮೂರ್ತಿಯವರ 'ಬರ' ಕಥೆಯನ್ನು, ಅದನ್ನು ಆಧರಿಸಿ ಎಂ.ಎಸ್. ಸತ್ಯು 1982ರಲ್ಲಿ ಮಾಡಿದ ಸಿನಿಮಾವನ್ನು ನೀವು ನೋಡಿದ್ದರೆ, ಒಂದು ಜಿಲ್ಲೆಯನ್ನು ಬರಪೀಡಿತ ಅಂತ ಘೋಷಿಸೋದರ ಹಿಂದೆ ಎಷ್ಟು ರಾಜಕಾರಣ ಇರುತ್ತೆ ಅನ್ನೋದು ಗೊತ್ತಿರುತ್ತೆ. ಮಳೆ ನಿಂತದ್ದು ಆಕಾಶಕ್ಕೆ ಗೊತ್ತಾದರೆ ಸಾಲದು, ಕಚೇರಿಗೂ ಗೊತ್ತಾಗಬೇಕು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದ್ತೀನಿ: 'ಎಲ್ ನಿನೋ ಅಷ್ಟು ಜೋರಾಗಿದ್ದರೆ ಯಾವ ಸರ್ಕಾರ ತಾನೇ ಏನು ಮಾಡೋಕಾಗ್ತಿತ್ತು?' ಒಳ್ಳೆಯ ಪ್ರಶ್ನೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. 1877ರ ಈಶ್ವರ ಎರಡು ಸುತ್ತು ಮುಗಿಸಿ 1997ರಲ್ಲಿ ಮತ್ತೆ ಬಂತು. ಕಾಕತಾಳೀಯ ನೋಡಿ, 1997–98ರ ಎಲ್ ನಿನೋ ಕೂಡ ಇಪ್ಪತ್ತನೆಯ ಶತಮಾನದ ಅತಿ ಜೋರಿನವುಗಳಲ್ಲಿ ಒಂದು. ಆ ವರ್ಷ ಭಾರತದ ಮುಂಗಾರು ಹೆಚ್ಚುಕಡಿಮೆ ಸರಾಸರಿಯಷ್ಟೇ ಬಂತು, ಹಿಂದೂ ಮಹಾಸಾಗರದ ಪರಿಸ್ಥಿತಿ ನಮ್ಮ ಕಡೆಗಿತ್ತು. ಅಂದರೆ ಶಾಂತಸಾಗರದಿಂದ ನಮ್ಮ ಕೆರೆಯ ತನಕ ಬರೋ ಅಷ್ಟರಲ್ಲಿ ಬಹಳ ತಿರುವುಗಳಿವೆ, ಕೆರೆಯಿಂದ ತಟ್ಟೆಗೆ ಬರೋ ಅಷ್ಟರಲ್ಲಿ ಇನ್ನೂ ಹೆಚ್ಚು. 1874ರಲ್ಲಿ ಬಿಹಾರದಲ್ಲಿ ಅದೇ ಟೆಂಪಲ್ ಜನರನ್ನು ಉಳಿಸಿ ತೋರಿಸಿದ್ದ. ಮಾಡೋಕಾಗ್ತಿತ್ತು ಅನ್ನೋದಕ್ಕೆ ಅವನೇ ಸಾಕ್ಷಿ.

ಇನ್ನೊಂದು ಮಾತು. ಈಶ್ವರ ಆದಮೇಲೆ ಬರುವ ಸಂವತ್ಸರ ಬಹುಧಾನ್ಯ. ಧಾನ್ಯವೇ ಇಲ್ಲದೆ ಎರಡು ವರ್ಷ ಕಳೆದ ಜನಕ್ಕೆ 1878ರ ಯುಗಾದಿಗೆ ಪಂಚಾಂಗ ಓದುವವರು 'ಇದು ಬಹುಧಾನ್ಯ' ಅಂತ ಹೇಳಿದಾಗ ಹೇಗೆ ಕೇಳಿಸಿರಬಹುದು! ಆ ಬಹುಧಾನ್ಯದ ಡಿಸೆಂಬರ್ 10ರಂದು ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದವರು ಸಿ. ರಾಜಗೋಪಾಲಾಚಾರಿ. 1952ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ಮೇಲಿನ ನಿಯಂತ್ರಣ ತೆಗೆದುಹಾಕಿದ ರಾಜಾಜಿ. ಸರ್ಕಾರ ಧಾನ್ಯದ ವ್ಯಾಪಾರಕ್ಕೆ ಕೈ ಹಾಕಬಾರದು ಅಂತ ಪಟ್ಟು ಹಿಡಿದದ್ದರಿಂದ ಬರಿದಾದ ಸೀಮೆಯಲ್ಲಿ ಹುಟ್ಟಿದವರು ಅವರು. ಇದರಿಂದ ಯಾವ ಸಿದ್ಧಾಂತವನ್ನೂ ನಾನು ಕಟ್ಟೋದಿಲ್ಲ. 1952ರ ಪರಿಸ್ಥಿತಿ ಬೇರೆ, ಆಗ ಮತ ಹಾಕುವ ಜನ ಇದ್ದರು.

ಹೊಸೂರಿಗೂ ಕೊನೆಗೆ ಒಂದು ರೈಲು ಬಂತು. ಬರ ಬಂದರೆ ಧಾನ್ಯ ಸಾಗಿಸೋದಕ್ಕೆ ಅಂತಲೇ ಹಾಕಿದ ಕಿರುಹಳಿ, ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ, ಅಲ್ಲಿಂದ ಹೊಸೂರಿಗೆ 1913ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಹಳಿಯನ್ನೂ ಕಿತ್ತರು.

ನನ್ನ ಮುಂದಿನ ಕೆಲಸ ಸೇಲಂ ಗಣತಿಯನ್ನು ತಾಲೂಕುವಾರು ಬಿಡಿಸಿ, ಬಾಲಘಾಟಿನ ಸಂಖ್ಯೆಯನ್ನು ಮಾಲೂರು, ಆನೇಕಲ್ ಸಂಖ್ಯೆಯ ಪಕ್ಕದಲ್ಲಿ ಇಡೋದು. ಗೆರೆ ಅಳಿಸಿ ನೋಡೋದು ಅಂತಿಟ್ಟುಕೊಳ್ಳಿ. ಅದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಹೊಸೂರು, ಡೆಂಕಣಿಕೋಟೆ, ಆನೇಕಲ್, ಮಾಲೂರು ಕಡೆಯವರು ಯಾರಾದರೂ ಇದ್ದರೆ, ಮನೆಯಲ್ಲಿ ಹಳೆಯ ಶಾನುಭೋಗರ ಕಡತ, ಪಂಚಾಂಗದ ಅಂಚಿನಲ್ಲಿ ಬರೆದಿಟ್ಟ ಟಿಪ್ಪಣಿ, ಕ್ರಯಪತ್ರ ಇದ್ದರೆ, ಅದರಲ್ಲಿ ಧಾತು ಅಥವಾ ಈಶ್ವರ ಅನ್ನುವ ಹೆಸರು ಇದೆಯಾ ಅಂತ ನೋಡಿ. ಆ ಎರಡು ವರ್ಷಗಳಲ್ಲಿ ಹೊಲ ಮಾರಿದವರು ಯಾರು, ಕೊಂಡವರು ಯಾರು ಅಂತ ಅದರಲ್ಲಿ ಬರೆದಿರುತ್ತೆ. ಅಂಥದ್ದು ಯಾರ ಹತ್ತಿರವಾದರೂ ಇದ್ದರೆ ಚಾಟ್‌ನಲ್ಲಿ ಊರಿನ ಹೆಸರು ಮಾತ್ರ ಹಾಕಿ. ನಾನೇ ಬಂದು ನೋಡ್ತೀನಿ.